ಅಪ್‌ಡೇಟ್: ನ್ಯಾನೋದಲ್ಲಿ ಕೊನೆಗೂ ಫೈಲ್ ಸೇವ್ ಆಯ್ತು

ಉಬುಂಟು ಲಿನಕ್ಸ್‌ನಲ್ಲಿ ಹೋಸ್ಟ್ಸ್ ಫೈಲಿಗೆ (ಯಾವ ಹೆಸರು ಯಾವ ಐಪಿ ವಿಳಾಸಕ್ಕೆ ಅಂತ ಬರೆದಿಡೋ ಸಿಸ್ಟಂ ಫೈಲ್) ನ್ಯಾನೋ ಅನ್ನೋ ಟರ್ಮಿನಲ್ ಟೆಕ್ಸ್ಟ್ ಎಡಿಟರ್‌ನಲ್ಲಿ ಒಂದು ಸಾಲು ಸೇರಿಸಿದರೆ ಸೇವ್ ಆಗ್ತಿಲ್ಲ, ಅದರಿಂದ ಹೊರಗೆ ಬರೋದೂ ಗೊತ್ತಾಗ್ತಿಲ್ಲ ಅಂತ ಕಳೆದ ವಾರ ಕೇಳಿದ್ದೆ. ಈಗ ಎರಡೂ ಸರಿಹೋಗಿದೆ.

ತೊಡಕು ಇದ್ದಿದ್ದು ನ್ಯಾನೋ ಪರದೆಯ ಕೆಳಗೆ ಕಾಣೋ ಶಾರ್ಟ್‌ಕಟ್ ಪಟ್ಟಿಯ ^ ಗುರುತಿನಲ್ಲಿ. ನಾನು ಶಿಫ್ಟ್ ಹಿಡಿದು 6 ಒತ್ತುತ್ತಿದ್ದೆ, ಆ ಗುರುತು ಫೈಲಿನ ಮೊದಲ ಸಾಲಿನಲ್ಲೇ ಬಂದು ಕೂರುತ್ತಿತ್ತು. ಅದು ಕಂಟ್ರೋಲ್ ಕೀ ಅಂತ ಒಬ್ಬರು ಬಿಡಿಸಿ ಹೇಳಿದ ಮೇಲೆ ದಾರಿ ಸಿಕ್ಕಿತು. ಕಂಟ್ರೋಲ್ ಜೊತೆ ಓ ಒತ್ತಿ, ಫೈಲ್ ಹೆಸರು ಕೇಳಿದಾಗ ಎಂಟರ್ ಕೊಡಿ. ಆಮೇಲೆ ಕಂಟ್ರೋಲ್ ಜೊತೆ ಎಕ್ಸ್. ನಡುವಿನ ಎಂಟರ್ ಮಾತ್ರ ಮರೆಯಬೇಡಿ.

ಅಷ್ಟಾದರೂ ‘ಪರ್ಮಿಷನ್ ಡಿನೈಡ್’ (ಅನುಮತಿ ಇಲ್ಲ) ಅಂತ ಬಂತು. ಮುಚ್ಚಿ, ಕಮಾಂಡಿನ ಮುಂದೆ ಸುಡೊ (ಅಡ್ಮಿನ್ ಅಧಿಕಾರದಲ್ಲಿ ನಡೆಸೋ ಕಮಾಂಡ್) ಸೇರಿಸಿ ಮತ್ತೆ ತೆರೆದೆ, ಸೇವ್ ಆಯ್ತು. ಪಾಸ್‌ವರ್ಡ್ ಹಾಕುವಾಗ ಪರದೆಯ ಮೇಲೆ ಏನೂ ಕಾಣದಿದ್ದರೆ ಗಾಬರಿ ಬೇಡ, ಸುಮ್ನೆ ಟೈಪ್ ಮಾಡಿ.

ವಿಮ್ ಅನ್ನೋ ಇನ್ನೊಂದು ಎಡಿಟರ್ ಬಳಸಿ ಅನ್ನೋ ಸಲಹೆ ಕೆಲಸಕ್ಕೆ ಬರಲಿಲ್ಲ. ಸುಡೊ ಇಲ್ಲದೆ ಅಲ್ಲೂ ಈ ಫೈಲ್ ಸೇವ್ ಆಗಲ್ಲ.

ಇನ್ನೊಂದು ಖುಷಿಯ ವಿಷಯ: ಪಿಕೋ ಅನ್ನೋ ಹಳೆಯ ಎಡಿಟರ್ ಬದಲಿಗೆ 1999ರಲ್ಲಿ ಶುರುವಾಗಿದ್ದಂತೆ ಈ ನ್ಯಾನೋ. ಅಳತೆಯಲ್ಲಿ (ನ್ಯಾನೋಮೀಟರ್, ಪಿಕೋಮೀಟರ್ ಅಂತೀವಲ್ಲ) ನ್ಯಾನೋ ಪಿಕೋಗಿಂತ 1000 ಪಟ್ಟು ದೊಡ್ಡದು, ಚೆಂದದ ಹೆಸರು ಅಲ್ವಾ? ^ ಬಗ್ಗೆ ಹೇಳಿದವರಿಗೆ ತುಂಬಾ ಥ್ಯಾಂಕ್ಸ್.