ಸಹಾಯ ಬೇಕು: ‘ದಿ ಸಫರಿಂಗ್’ ಆಟದ ಒಳ್ಳೆಯ ಅಂತ್ಯ ಇನ್ನೂ ಸಿಗಬಹುದೇ?

ಎಲ್ಲರಿಗೂ ನಮಸ್ಕಾರ. ನಾನು ಮಲ್ಪೆಯವನು. 2004ರಲ್ಲಿ ಬಂದ ‘ದಿ ಸಫರಿಂಗ್’ ಎಂಬ ಭಯಾನಕ ಆಟವನ್ನು ಕಂಪ್ಯೂಟರಿನಲ್ಲಿ ಆಡುತ್ತಿದ್ದೇನೆ. ಮರಣದಂಡನೆಗೆ ಗುರಿಯಾದ ಟಾರ್ಕ್, ಕಾರ್ನೇಟ್ ದ್ವೀಪದ ಅಬಾಟ್ ಸೆರೆಮನೆಯಿಂದ ಪಾರಾಗಬೇಕು. ಅಲ್ಲಿನ ಪಿಶಾಚಿಗಳು ಒಂದೊಂದು ಬಗೆಯ ಸಾವಿನ ರೂಪ ತಾಳಿವೆ: ನೇಣಿನವು ಛಾವಣಿಯಿಂದ ಇಳಿಯುತ್ತವೆ, ವಿಷದ ಸೂಜಿಯವು ಮೈಗೆ ಸಿರಿಂಜು ಚುಚ್ಚಿಕೊಂಡೇ ಬರುತ್ತವೆ. ಮಳೆಗಾಲದ ರಾತ್ರಿ, ಹೊರಗೆ ಕಡಲು ಮೊರೆಯುವಾಗ ಆಡಿದರೆ ಎದೆ ನಡುಗುತ್ತದೆ.

ಎದುರಾಗುವ ಕೈದಿಗಳನ್ನೂ ಕಾವಲುಗಾರರನ್ನೂ ಕಾಪಾಡುತ್ತೇವೋ ಕೊಲ್ಲುತ್ತೇವೋ ಎಂಬುದರ ಮೇಲೆ ಮೂರು ಅಂತ್ಯಗಳಲ್ಲಿ ಒಂದು ಸಿಗುತ್ತದೆ. ನಾನು ಕತ್ತಲಲ್ಲಿ ಗಾಬರಿಗೊಂಡು, ಜೊತೆಗೆ ಬರುತ್ತಿದ್ದ ಕಾವಲುಗಾರನಿಗೇ ಗುಂಡು ಹೊಡೆದುಬಿಟ್ಟೆ. ಹಿಂದಿನ ಹಂತಕ್ಕೆ ಮರಳಲು ಹಳೆಯ ಸೇವ್ (ಉಳಿಸಿಟ್ಟ ಆಟ) ಉಳಿದಿಲ್ಲ. ಅವನ ಕೂಗು ಇನ್ನೂ ಕಿವಿಯಲ್ಲಿದೆ, ನಿಜಕ್ಕೂ ಸಂಕಟವಾಗಿದೆ.

ಇನ್ನು ಮುಂದೆ ಎಲ್ಲರನ್ನೂ ಕಾಪಾಡಿದರೆ ಒಳ್ಳೆಯ ಅಂತ್ಯ ಸಿಗುತ್ತದೆಯೇ, ಅಥವಾ ಮೊದಲಿನಿಂದಲೇ ಆಡಬೇಕೇ? ಟಾರ್ಕ್ ರಾಕ್ಷಸನಾಗಿ ಬದಲಾದರೆ ಅದೂ ಲೆಕ್ಕಕ್ಕೆ ಬರುತ್ತದೆಯೇ? ಆಟ ಮುಗಿಸಿದವರು ದಯವಿಟ್ಟು ತಿಳಿಸಿ. ಉಡುಪಿ, ಮಣಿಪಾಲದ ಕಡೆಯವರಾದರೆ ನಾನೇ ಬಂದು ಭೇಟಿಯಾಗುತ್ತೇನೆ. ಕಥೆಯ ಕೊನೆಯನ್ನು ಮಾತ್ರ ಹೇಳಬೇಡಿ.