ಸಹಾಯ ಬೇಕು: ಆಟಿಸಂ ಇರೋ ಮಗನ ಹುಳುಕು ಹಲ್ಲಿಗೆ ಅನಸ್ತೇಶಿಯಾ ಕೊಡಿಸ್ಬೇಕಾ?

ಎಲ್ಲರಿಗೂ ನಮಸ್ಕಾರ. ನಾವು ಮೈಸೂರಿನವರು. ಮಗನಿಗೆ 7 ವರ್ಷ, ಆಟಿಸಂ ಇದೆ, ಮಾತು ಕಡಿಮೆ. ಕೆಳಗಿನ ಎರಡು ದವಡೆ ಹಲ್ಲು ಹುಳುಕಾಗಿದೆ. ನೋವು ಅಂತ ಬಾಯಿಬಿಟ್ಟು ಹೇಳಲ್ಲ. ಅನ್ನ ಒಂದೇ ಕಡೆ ಅಗಿಯೋದು, ತಣ್ಣೀರು ಕುಡಿದ್ರೆ ಕೆನ್ನೆ ಒತ್ತಿ ಹಿಡ್ಕೊಳ್ಳೋದು ನೋಡಿ ನಮಗೇ ಗೊತ್ತಾಗಿದ್ದು.

ಮನೇಲಿ ಪುಟ್ಟ ಕನ್ನಡಿ, ಟಾರ್ಚ್ ಇಟ್ಕೊಂಡು ಆಟದ ಥರ ಅಭ್ಯಾಸ ಮಾಡಿಸಿದ್ವಿ. ಕ್ಲಿನಿಕ್ ಫೋಟೋ ತೋರಿಸಿದ್ವಿ. ಹೆಡ್‌ಫೋನ್ ಹಾಕಿ, ಜನ ಇಲ್ಲದ ಹೊತ್ತಲ್ಲಿ ಕರ್ಕೊಂಡು ಹೋದ್ವಿ. ಈಗ ಬಾಯೊಳಗೆ ಕನ್ನಡಿ ಇಡೋಕೆ ಬಿಡ್ತಾನೆ, ಅಷ್ಟೇ. ಕುರ್ಚಿ ಹಿಂದಕ್ಕೆ ವಾಲಿದ್ರೆ ಸಾಕು, ಕಿರುಚಾಟ. ಎಕ್ಸ್‌ರೇ ಅಂತೂ ಆಗಲೇ ಇಲ್ಲ.

ಒಬ್ಬ ಮಕ್ಕಳ ದಂತವೈದ್ಯರು ಜನರಲ್ ಅನಸ್ತೇಶಿಯಾ (ಪೂರ್ತಿ ಪ್ರಜ್ಞೆ ಇಲ್ಲದ ಹಾಗೆ ಮಲಗಿಸೋದು) ಕೊಟ್ಟು ಒಂದೇ ಸಲಕ್ಕೆ ಎಲ್ಲ ಮುಗಿಸೋಣ ಅಂತಾರೆ. ಇನ್ನೊಬ್ಬರು ಸಿಲ್ವರ್ ಡೈಅಮೈನ್ ಫ್ಲೋರೈಡ್ (ಹುಳುಕು ಮುಂದುವರಿಯದ ಹಾಗೆ ತಡೆಯೋ ದ್ರವ) ಹಚ್ಚಿ ಕಾಯೋಣ, ಡ್ರಿಲ್ ಬೇಡ, ಹುಳುಕಿನ ಜಾಗ ಕಪ್ಪಾಗುತ್ತೆ ಅಷ್ಟೇ ಅಂತಾರೆ. ಕಪ್ಪಾದ್ರೆ ಆಗ್ಲಿ ಬಿಡಿ. ಆದ್ರೆ ಹುಳುಕು ನರಕ್ಕೆ ಮುಟ್ಟಿದ್ರೆ ಅದು ಸಾಲಲ್ವಂತೆ, ಎಕ್ಸ್‌ರೇ ಇಲ್ದೆ ಅದು ಖಚಿತ ಆಗಲ್ವಂತೆ. ನಮ್ಮತ್ತೆ 'ಹಾಲು ಹಲ್ಲು ತಾನೇ, ಬಿದ್ದೋಗುತ್ತೆ' ಅಂತಾರೆ; ದವಡೆಯವು ಬೀಳೋದು ಸುಮಾರು 9-12 ವರ್ಷಕ್ಕೆ!

ಇಂಥ ಮಕ್ಕಳಿಗೆ ಎಕ್ಸ್‌ರೇ ಹೇಗೆ ತೆಗೆಸಿದ್ರಿ? ಅನಸ್ತೇಶಿಯಾ ಕೊಡಿಸಿದವರು, ಖಾಲಿ ಹೊಟ್ಟೇಲಿ ಇರಿಸೋದು, ಮಾಸ್ಕ್ ಹಾಕೋದು, ಎಚ್ಚರ ಆದ್ಮೇಲಿನ ಗಲಾಟೆ ಹೇಗೆ ನಿಭಾಯಿಸಿದ್ರಿ? ನಿರಾಮಯ ವಿಮೆಯಲ್ಲಿ (ಆಟಿಸಂನಂಥ ತೊಂದರೆ ಇರೋರಿಗೆ ಕೇಂದ್ರ ಸರ್ಕಾರದ ಆರೋಗ್ಯ ವಿಮೆ) ಆ ಖರ್ಚು ಯಾರಿಗಾದ್ರೂ ವಾಪಸ್ ಬಂದಿದೆಯಾ?