5 ಎಂಬಿಗೆ ಒಂದು ವಿಮಾನ

ಗುಂಪು: ನಮ್ಮ ಮನೆ ಮಂದಿ

ರಘು ಚಿಕ್ಕಪ್ಪ: (ಫಾರ್ವರ್ಡ್ ಫೋಟೊ) 1956ರಲ್ಲಿ 5 ಎಂಬಿ ಹಾರ್ಡ್ ಡಿಸ್ಕ್!! ತೂಕ ಒಂದು ಟನ್!! ವಿಮಾನಕ್ಕೆ ಏರಿಸುತ್ತಿರುವುದನ್ನು ನೋಡಿ. ಇಂದು ನಿಮ್ಮ ಜೇಬಿನಲ್ಲೇ ಇಂಥ ಸಾವಿರಾರು! 🙏🙏

ಕಿರಣ: 😂😂 ಒಂದು ಹಾಡು ಹಾಕಿದರೆ ಭರ್ತಿ. ಅದಕ್ಕೆ ಫೋರ್ಕ್‌ಲಿಫ್ಟ್ ಬೇರೆ.

ಸುಧಾ ಅತ್ತೆ: ಇಷ್ಟು ದೊಡ್ಡದರಲ್ಲಿ ಏನು ಇಡ್ತಿದ್ದರಂತೆ?

ದೊಡ್ಡಪ್ಪ: ಹಾಡಂತೂ ಅಲ್ಲ. ಅದು ಐಬಿಎಂ 350, ರಾಮ್ಯಾಕ್ 305 ಅನ್ನೋ ಕಂಪ್ಯೂಟರಿನ ಭಾಗ. ಕಂಪನಿಗಳ ಸ್ಟಾಕು, ಗಿರಾಕಿಗಳ ಲೆಕ್ಕ ಇಡೋಕೆ ಮಾಡಿದ್ದು. ನಗೋದು ಸುಲಭ ಕಿರಣ.

ಕಿರಣ: ಸರಿ ಮಾವ. ಆದರೂ 5 ಎಂಬಿ ಅಂದರೆ 5 ಎಂಬಿನೇ ಅಲ್ವಾ?

ನಾನು: ಅಷ್ಟೂ ಇಲ್ಲ. ಹಿಡಿಸುತ್ತಿದ್ದುದು 50 ಲಕ್ಷ ಅಕ್ಷರ, ಒಂದೊಂದಕ್ಕೆ 6 ಬಿಟ್ (ಬಿಟ್ ಅಂದರೆ ಒಂದು 0 ಅಥವಾ 1). ಈಗಿನ 8 ಬಿಟ್ ಬೈಟಿನ ಲೆಕ್ಕದಲ್ಲಿ 3.75 ಎಂಬಿ.

ಕಿರಣ: ನೋಡಿ, ಇನ್ನೂ ಕಡಿಮೆ ಆಯ್ತು! 6 ಬಿಟ್ಟಿನಲ್ಲಿ ಇಂಗ್ಲಿಷ್ ದೊಡ್ಡಕ್ಷರ, ಅಂಕಿ, ಒಂದಷ್ಟು ಚಿಹ್ನೆ, ಮುಗೀತು. ಈಗ ಎಲ್ಲ ಭಾಷೆಯ ಅಕ್ಷರ ಇಡೋ ಯುಟಿಎಫ್-8 ಪದ್ಧತಿಯಲ್ಲಿ ನಮ್ಮ 'ಕ' ಒಂದಕ್ಕೇ 3 ಬೈಟ್ ಬೇಕು.

ದೊಡ್ಡಪ್ಪ: ನೀನು ಬರೀ ಸೈಜ್ ನೋಡ್ತಿದ್ದೀಯ. ಅದಕ್ಕೆ ಮೊದಲು ಏನಿತ್ತು ಅಂತ ನೋಡು. 80 ಕಾಲಂ ಪಂಚ್ ಕಾರ್ಡು, ಅಂದರೆ ತೂತು ಕೊರೆದು ಮಾಹಿತಿ ಬರೆಯೋ ರಟ್ಟಿನ ಚೀಟಿ, ಕಾಲಂಗೆ ಒಂದಕ್ಷರ. 50 ಲಕ್ಷ ಅಕ್ಷರಕ್ಕೆ 62,500 ಕಾರ್ಡು ಬೇಕು.

ದೊಡ್ಡಪ್ಪ: ನಾನು ಕೆಲಸಕ್ಕೆ ಸೇರಿದಾಗ ನಮ್ಮ ಆಫೀಸಿನಲ್ಲಿ ಇನ್ನೂ ಕಾರ್ಡೇ ಇದ್ದದ್ದು. ಕಟ್ಟಿನ ಮೇಲಂಚಿನಲ್ಲಿ ಮೂಲೆಯಿಂದ ಮೂಲೆಗೆ ಸ್ಕೆಚ್ ಪೆನ್ನಿನಿಂದ ಓರೆ ಗೆರೆ ಎಳೆದಿಡ್ತಿದ್ದೆವು. ಟ್ರೇ ಕೈಜಾರಿ ಕಾರ್ಡೆಲ್ಲ ಚೆಲ್ಲಾಪಿಲ್ಲಿ ಆದರೆ, ಗೆರೆ ಕೂಡೋ ಹಾಗೆ ಕೂತು ಜೋಡಿಸಬೇಕು.

ದೊಡ್ಡಪ್ಪ: ಯಾರಾದರೂ ಬಂದು "ನನ್ನ ಬಾಕಿ ಎಷ್ಟು ಸಾರ್" ಅಂದರೆ ತಕ್ಷಣ ಹೇಳೋಕೆ ಆಗ್ತಿರಲಿಲ್ಲ. ದಿನದ ಕಾರ್ಡೆಲ್ಲ ಗುಡ್ಡೆ ಹಾಕಿ, ಸಾರ್ಟರಿಗೆ (ಕಾರ್ಡು ವಿಂಗಡಿಸೋ ಯಂತ್ರ) ಹಾಕಿ, ಹಳೆ ಕಾರ್ಡಿನ ಜೊತೆ ಹೊಂದಿಸಿ ಓಡಿಸಬೇಕು. ಸಾರ್ಟರ್ ಒಂದು ಸಲಕ್ಕೆ ಒಂದೇ ಕಾಲಂ ನೋಡುತ್ತದೆ. ಖಾತೆ ನಂಬರ್ ಐದಂಕಿ ಇದ್ದರೆ ಅದೇ ಕಟ್ಟನ್ನು ಐದು ಸಲ ಓಡಿಸು!

ಕಿರಣ: ಅದಕ್ಕೆ ಮ್ಯಾಗ್ನೆಟಿಕ್ ಟೇಪ್ ಇತ್ತಲ್ಲ ಮಾವ. ಟೇಪ್ ಬಳಸೋ ಯುನಿವ್ಯಾಕ್ ಕಂಪ್ಯೂಟರ್ 1951ರಲ್ಲೇ ಬಂದಿತ್ತು.

ದೊಡ್ಡಪ್ಪ: ಟೇಪಿನ ಕೊನೆಯಲ್ಲಿರೋ ಖಾತೆ ಬೇಕಂದ್ರೆ ಅಲ್ಲಿವರೆಗೂ ಸುತ್ತಬೇಕು. ಈ ಡಿಸ್ಕಿನಲ್ಲಿ 24 ಇಂಚಿನ 50 ತಟ್ಟೆ, ನಿಮಿಷಕ್ಕೆ 1,200 ಸುತ್ತು. ತೋಳು ಮೇಲೆ ಕೆಳಗೆ ಓಡಾಡಿ, ಬೇಕಾದ ತಟ್ಟೆ ಹತ್ತಿರ ನಿಂತು, ಒಳಗೆ ಹೋಗಿ ಓದುತ್ತಿತ್ತು. ಯಾವ ಖಾತೆ ಆದರೂ ಸರಾಸರಿ 0.6 ಸೆಕೆಂಡ್. ವಿಂಗಡಿಸೋ ಕೆಲಸವೇ ಇಲ್ಲ.

ರಘು ಚಿಕ್ಕಪ್ಪ: ಇದೆಲ್ಲ ಅಮೆರಿಕದವರ ಜಂಬ ಅಣ್ಣ. ಕಂಪ್ಯೂಟರಿನ 0, 1ರ ಬೈನರಿ ಲೆಕ್ಕ ಕಂಡುಹಿಡಿದಿದ್ದೇ ನಮ್ಮ ಛಂದಸ್ಸಿನ ಪಿಂಗಳ.

ನಾನು: ಲಘು ಗುರುಗಳ ಪ್ರಸ್ತಾರ (ಎಲ್ಲ ಜೋಡಣೆಗಳ ಪಟ್ಟಿ) ಹಾಕೋ ಕ್ರಮ ಪಿಂಗಳನಲ್ಲಿ ಇರೋದು ನಿಜ ಚಿಕ್ಕಪ್ಪ. ದೊಡ್ಡ ಬುದ್ಧಿಯ ಕೆಲಸವೇ. ಆದರೆ ಇಲ್ಲಿ ಮಾತು ಬಾಕಿ ಲೆಕ್ಕ ಇಡೋ ಯಂತ್ರದ್ದು. ಫೋಟೊ ಕಳಿಸಿದ್ದೂ ನೀವೇ 🙂

ರಘು ಚಿಕ್ಕಪ್ಪ: ನಾನು ಸುಮ್ನೆ ಹೇಳಿದೆ ಅಷ್ಟೇ.

ನಾನು: ಅತ್ತೆ, ನಿಮಗೆ ಇಷ್ಟ ಆಗೋದು ಇಲ್ಲಿದೆ. ಇದನ್ನು ಮಾಡಿದ ಸ್ಯಾನ್ ಹೋಸೆ ಲ್ಯಾಬಿನ ಮುಖ್ಯಸ್ಥ ರೆನಾಲ್ಡ್ ಜಾನ್ಸನ್ ಮೊದಲು ಹೈಸ್ಕೂಲ್ ಮೇಷ್ಟ್ರು. ಪೆನ್ಸಿಲಿನಲ್ಲಿ ಗುರುತು ಹಾಕಿದ ಉತ್ತರ ಪತ್ರಿಕೆ ತಿದ್ದೋ ಯಂತ್ರ ಮಾಡಿ ಐಬಿಎಂ ಸೇರಿದವರು. ಡಿಸ್ಕಿಗೆ ಮಾಹಿತಿ ಹಿಡಿದಿಡೋ ಕಬ್ಬಿಣದ ಆಕ್ಸೈಡ್ ಬಣ್ಣ ಒಂದೇ ಸಮ ಕೂರಬೇಕಿತ್ತು. ಹೆಂಗಸರು ಹಾಕೋ ಕಾಲುಚೀಲದಲ್ಲಿ ಬಣ್ಣ ಸೋಸಿ, ತಿರುಗೋ ತಟ್ಟೆಯ ನಡುವಿಗೆ ಕಾಗದದ ಲೋಟದಿಂದ ಸುರಿದರು. ತಿರುಗೋ ರಭಸಕ್ಕೆ ಅದೇ ಅಂಚಿನವರೆಗೆ ಹರಡಿಕೊಂಡಿತು.

ಸುಧಾ ಅತ್ತೆ: ಅಯ್ಯೋ, ನಾವು ಬಟ್ಟೆಯಲ್ಲಿ ಕಾಫಿ ಸೋಸ್ತಿದ್ದ ಹಾಗೆ! 😄

ಕಿರಣ: ನಾನೂ ಒಂದು ಕೇಳ್ತೀನಿ ಮಾವ. ಬೇಕಾದ ಕಡೆ ನೇರ ಹೋಗೋದು ಡ್ರಮ್ಮಿನಲ್ಲೂ (ಮಾಹಿತಿ ಇಡೋ ತಿರುಗೋ ಉರುಳೆ) ಆಗ್ತಿತ್ತು. ಡ್ರಮ್ ಇರೋ ಐಬಿಎಂ 650 ಕಂಪ್ಯೂಟರ್ ಬಂದಿದ್ದು 1954ರಲ್ಲಿ. ಸರಾಸರಿ 2.4 ಮಿಲಿಸೆಕೆಂಡ್! ನಿಮ್ಮ ಡಿಸ್ಕ್ ಅದರ ಮುಂದೆ ಆಮೆ.

ದೊಡ್ಡಪ್ಪ: ಒಪ್ಪಿದೆ. ಆದರೆ ಡ್ರಮ್ಮಿನಲ್ಲಿ ಎಷ್ಟು ಹಿಡಿಸ್ತಿತ್ತು ಹೇಳು?

ಕಿರಣ: 2,000 'ಪದ'. ಪದ ಅಂದರೆ ಅದರಲ್ಲಿ 10 ಅಂಕಿಯ ಒಂದು ಗುಂಪು.

ದೊಡ್ಡಪ್ಪ: 20,000 ಅಂಕಿ. ಇಲ್ಲಿ 50 ಲಕ್ಷ. ಅಂಗಡಿ ನಡೆಸೋನಿಗೆ ಯಾವುದು ಬೇಕು?

ಕಿರಣ: ಈಗ ಡಿಸ್ಕೂ ಹೋಯ್ತಲ್ಲ, ಎಲ್ಲ ತಿರುಗೋ ಭಾಗವೇ ಇಲ್ಲದ ಎಸ್‌ಎಸ್‌ಡಿ.

ದೊಡ್ಡಪ್ಪ: ಲ್ಯಾಪ್‌ಟಾಪಿನಲ್ಲಿ ಹೋಗಿದೆ. ದೊಡ್ಡ ಡೇಟಾ ಸೆಂಟರ್‌ಗಳಲ್ಲಿ ಈಗಲೂ ಜಾಸ್ತಿ ಸರಕು ಇರೋದು ತಿರುಗೋ ತಟ್ಟೆ ಮೇಲೇ.

ಕಿರಣ: ಅದು ಅಗ್ಗ ಅಂತ, ವೇಗಕ್ಕಲ್ಲ.

ದೊಡ್ಡಪ್ಪ: ಆಗಲೂ ಅದೇ ಲೆಕ್ಕ ಅಲ್ವೇನೋ? ವೇಗ ಬೇಕಾದರೆ ಡ್ರಮ್, ಜಾಗ ಬೇಕಾದರೆ ಡಿಸ್ಕ್. ಮೊದಲು ತಗೊಂಡ ಕಂಪನಿಗಳಲ್ಲಿ ಕಾಗದ ಮಾರೋ ಝೆಲ್ಲರ್‌ಬಾಕ್ ಒಂದು. ಇಡೀ ರಾಮ್ಯಾಕ್‌ಗೆ ತಿಂಗಳಿಗೆ 3,200 ಡಾಲರ್ ಬಾಡಿಗೆ. ಆದರೂ ಸಾವಿರಕ್ಕಿಂತ ಜಾಸ್ತಿ ತಯಾರಾದವು.

ಕಿರಣ: 3,200 ಡಾಲರ್?? 1956ರಲ್ಲಿ??

ಸುಧಾ ಅತ್ತೆ: ಕಿರಣ, ನೀನು ಆ ಕ್ಲೌಡಿಗೆ ತಿಂಗಳಿಗೆ ಎಷ್ಟು ಕಟ್ತೀಯೋ?

ಕಿರಣ: 130 ರೂಪಾಯಿ ಅಮ್ಮ. ಅದೂ ಬಹುಪಾಲು ನಿನ್ನ ರಂಗೋಲಿ ಫೋಟೊಗಳಿಗೇ.